11 ಖಾತೆ, ಒಂದೇ ಫೋನು: ಯಾವ ಟೂಲ್ ತಗೊಳ್ಳಲಿ?

ಪ್ರಶ್ನೆ, ಹುಬ್ಬಳ್ಳಿಯಿಂದ

ನಮಸ್ಕಾರ ಅಕ್ಕಾರ. ಗುಂಪಿನಲ್ಲಿ ಮೊದಲ ಸಲ ಕೇಳುತ್ತಿದ್ದೇನೆ. ನಾನು ನಾಲ್ಕು ಕಡೆಯ ಸೋಷಿಯಲ್ ಮೀಡಿಯಾ ನೋಡಿಕೊಳ್ಳುತ್ತೇನೆ. ದುರ್ಗದಬೈಲ್ ಹತ್ತಿರದ ಸೀರೆ ಅಂಗಡಿ, ಧಾರವಾಡದ ಒಂದು ಪೇಡೆ ಅಂಗಡಿ, ಅಲ್ಲೇ ಒಂದು ಕೋಚಿಂಗ್ ಕ್ಲಾಸ್, ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಗೂಗಲ್ ಎಲ್ಲ ಸೇರಿ 11 ಖಾತೆ, ಅದರಲ್ಲಿ ಯೂಟ್ಯೂಬ್ ಕ್ಲಾಸಿನದು ಒಂದೇ. ಎಲ್ಲ ನನ್ನ ಒಂದೇ ಫೋನಿನಲ್ಲಿವೆ. ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಮೆಸೇಜಿಗೆ ಉತ್ತರ ಕೊಡುತ್ತೇನೆ.

ಹೋದ ತಿಂಗಳು ಪೇಡೆ ಅಂಗಡಿಗೆ ಗೂಗಲ್‌ನಲ್ಲಿ ಯಾರೋ ಒಂದು ಸ್ಟಾರ್ ಕೊಟ್ಟು "ಪೇಡೆ ಒಣಗಿತ್ತು" ಅಂತ ಬರೆದಿದ್ದರು. ಎರಡು ವಾರ ಅದು ನನ್ನ ಕಣ್ಣಿಗೇ ಬೀಳಲಿಲ್ಲ. ಮಾಲೀಕರು ಸಿಟ್ಟಾಗಿದ್ದಾರೆ. ಎಲ್ಲ ಒಂದೇ ಕಡೆ ಕಾಣುವ ಟೂಲ್ ತಗೋ ಅಂತ ಗೆಳೆಯ ಹೇಳಿದ. ನೋಡಿದರೆ ಬೆಲೆ ಡಾಲರ್‌ನಲ್ಲಿದೆ. ಯಾವುದು ತಗೊಳ್ಳಲಿ?

ಉತ್ತರ

ನಮಸ್ಕಾರ. ಟೂಲ್ ಮಾತು ಆಮೇಲೆ. ಮೊದಲು ಒಂದು ಕೇಳುತ್ತೇನೆ: ಆ ಪೇಡೆ ಅಂಗಡಿಯ ಗೂಗಲ್ ಪ್ರೊಫೈಲ್ (ಗೂಗಲ್‌ನಲ್ಲಿ ಅಂಗಡಿಯ ವಿಳಾಸ, ರಿವ್ಯೂ ಕಾಣುವ ಪುಟ) ಯಾವ ಇಮೇಲ್‌ನಲ್ಲಿದೆ? ಹೊಸ ರಿವ್ಯೂ ಬಂದಾಗ ಗೂಗಲ್ ತಾನೇ ಮೇಲ್ ಕಳಿಸುತ್ತದೆ, ಆ ನೋಟಿಫಿಕೇಶನ್ ಯಾರೂ ಬಂದ್ ಮಾಡಿರದಿದ್ದರೆ. ಆ ಮೇಲ್ ಎಲ್ಲೋ ಬಂದು ಬಿದ್ದಿದೆ. ಯಾರೂ ತೆಗೆಯದ ಇನ್‌ಬಾಕ್ಸ್‌ನಲ್ಲಿ. ನನ್ನ ಅಂದಾಜು ಇಷ್ಟೇ. ಹಂಗಿದ್ದರೆ ತಿಂಗಳಿಗೆ ಎಷ್ಟೇ ಡಾಲರ್ ಸುರಿದರೂ ಇದು ಬಗೆಹರಿಯುವುದಿಲ್ಲ.

ಇವತ್ತು ರಾತ್ರಿ ಒಂದು ಹಾಳೆ ತಗೊಂಡು ಕೂತುಕೊಳ್ಳಿ. 11 ಖಾತೆಯನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ: ಯಾವ ಇಮೇಲ್, ಒಟಿಪಿ ಯಾವ ನಂಬರಿಗೆ ಬರುತ್ತದೆ, ಆ ಸಿಮ್ ಯಾರ ಹೆಸರಲ್ಲಿದೆ, ಅಡ್ಮಿನ್ ಯಾರು. ಎಕ್ಸೆಲ್ ಬೇಡ, ಹಾಳೆ ಸಾಕು. ಬಿಟ್ಟು ಹೋದ ಹುಡುಗನ ನಂಬರಿಗೆ ಒಟಿಪಿ ಹೋಗುವ ಪೇಜುಗಳು ನಮ್ಮ ಊರಲ್ಲಿ ಎಷ್ಟಿವೆಯೋ ದೇವರೇ ಬಲ್ಲ.

ಆಮೇಲೆ ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ನಿಲ್ಲಿಸಿ. ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಂ ಎರಡೂ ಮಾಲೀಕರ ಬಿಸಿನೆಸ್ ಪೋರ್ಟ್‌ಫೋಲಿಯೊದಲ್ಲಿರಲಿ, ಅಂದರೆ ಫೇಸ್‌ಬುಕ್ ಕಂಪನಿ ಮೆಟಾದಲ್ಲಿ ಒಂದು ಅಂಗಡಿಯ ಖಾತೆಗಳನ್ನೆಲ್ಲ ಒಟ್ಟಿಗೆ ಇಡುವ ಜಾಗದಲ್ಲಿ. ಅಲ್ಲಿಂದ ಅವರು ನಿಮಗೆ ಬೇಕಾದಷ್ಟೇ ಅಧಿಕಾರ ಕೊಡಲಿ: ಪೋಸ್ಟ್ ಹಾಕುವುದು, ಮೆಸೇಜಿಗೆ ಉತ್ತರಿಸುವುದು. ಪೂರ್ತಿ ಅಧಿಕಾರ ಕನಿಷ್ಠ ಇಬ್ಬರ ಹತ್ತಿರ ಇರಬೇಕು, ಒಬ್ಬರ ಖಾತೆ ಲಾಕ್ ಆದರೆ ಇನ್ನೊಬ್ಬರು ಬೇಕಲ್ವಾ. ಯೂಟ್ಯೂಬ್‌ಗೂ ಸ್ಟುಡಿಯೋದಲ್ಲಿ ಮ್ಯಾನೇಜರ್, ಎಡಿಟರ್ ಅಂತ ಸೇರಿಸಿಕೊಳ್ಳಬಹುದು. ಗೂಗಲ್ ಪ್ರೊಫೈಲ್‌ಗೂ ಮ್ಯಾನೇಜರ್ ಆಗಬಹುದು. ಹಂಗೆ ಮ್ಯಾನೇಜರ್ ಆದಿರಿ ಅಂದರೆ ರಿವ್ಯೂ ಮೇಲ್ ನಿಮಗೂ ಬರುತ್ತದೆ. ನಿಮ್ಮ ಸಮಸ್ಯೆ ಅಲ್ಲಿಗೇ ಅರ್ಧ ಮುಗಿಯಿತು, ಬಿಡಿಗಾಸು ಖರ್ಚಿಲ್ಲದೆ.

ಇನ್ನು ಟೂಲ್. ಮೆಟಾ ಬಿಸಿನೆಸ್ ಸೂಟ್‌ನಿಂದ ಶುರು ಮಾಡಿ, ಅದು ಉಚಿತ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ಮೊದಲೇ ಟೈಮ್ ಹಾಕಿ ಪೋಸ್ಟ್ ಇಡಬಹುದು. ಎರಡರ ಮೆಸೇಜು, ಕಾಮೆಂಟು ಒಂದೇ ಇನ್‌ಬಾಕ್ಸಿಗೆ ಬರುತ್ತವೆ. "ರೇಟ್ ಎಷ್ಟು", "ಅಂಗಡಿ ಎಲ್ಲಿ" ಅಂತ ದಿನಕ್ಕೆ ಐವತ್ತು ಸಲ ಕೇಳುವವರಿಗೆ ಉತ್ತರ ಬರೆದಿಟ್ಟುಕೊಳ್ಳಬಹುದು. ಒಂದೇ ಷರತ್ತು, ಇನ್‌ಸ್ಟಾಗ್ರಾಂ ಪ್ರೊಫೆಷನಲ್ ಖಾತೆ (ವ್ಯಾಪಾರಕ್ಕೆ ಅಂತ ಸೆಟ್ಟಿಂಗ್‌ನಲ್ಲಿ ಬದಲಿಸಿಕೊಂಡದ್ದು) ಆಗಿರಬೇಕು. ಯೂಟ್ಯೂಬ್ ಇದರಲ್ಲಿ ಬರುವುದಿಲ್ಲ, ಆದರೆ ನಿಮಗೆ ಇರುವುದು ಒಂದೇ ಚಾನೆಲ್. ಅದಕ್ಕೆ ಅದರ ಸ್ಟುಡಿಯೋನೇ ಸಾಕು.

ಹೊರಗಿನ ಟೂಲ್ ಬೇಕೇ ಬೇಕು ಅಂದರೆ ಬಫರ್ ನೋಡಿ. ಉಚಿತ ಪ್ಲ್ಯಾನ್‌ನಲ್ಲಿ 3 ಚಾನೆಲ್ (ಬಫರ್ ಒಂದೊಂದು ಖಾತೆಗೂ ಚಾನೆಲ್ ಅನ್ನುತ್ತದೆ), ಚಾನೆಲ್ಲಿಗೆ ಒಂದು ಸಲಕ್ಕೆ 10 ಪೋಸ್ಟ್ ಇಡಬಹುದು. ಜೋಹೊ ಸೋಷಿಯಲ್ ಚೆನ್ನೈ ಕಂಪನಿಯದು, ರೂಪಾಯಿಯಲ್ಲೇ ಬಿಲ್ ಬರುತ್ತದೆ. ಹೂಟ್‌ಸೂಟ್‌ಗೆ ಉಚಿತ ಪ್ಲ್ಯಾನ್ ಇದ್ದದ್ದು 2023ರ ಮಾರ್ಚ್‌ವರೆಗೆ. ಹಳೆಯ ವೀಡಿಯೊ ನೋಡಿ ಹುಡುಕಿಕೊಂಡು ಹೋಗಬೇಡಿ. ದುಡ್ಡು ಕೊಡುವ ಮೊದಲು ಎಣಿಕೆ ಹೇಗೆ ಅಂತ ನೋಡಿ. ಬಫರ್ ಚಾನೆಲ್ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತದೆ. ಹೂಟ್‌ಸೂಟ್ ಬಳಸುವ ಜನರ ಲೆಕ್ಕದಲ್ಲಿ. ಒಬ್ಬರೇ 11 ಖಾತೆ ನೋಡುವ ನಿಮ್ಮಂಥವರಿಗೂ, ಐದು ಜನ ಸೇರಿ ಎರಡೇ ಖಾತೆ ನೋಡುವವರಿಗೂ ಬಿಲ್ ಪೂರ್ತಿ ಬೇರೆ ಬೇರೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಸೆಟ್ಟಿಂಗ್‌ನಲ್ಲಿ ಟೈಮ್ ಝೋನ್ ನೋಡಿ. ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಅಂತ ಇದ್ದರೆ ನಿಮ್ಮ ಕೋಚಿಂಗ್ ಕ್ಲಾಸಿನ ಬೆಳಿಗ್ಗೆ 7ರ ಪ್ರಶ್ನೆ ಮಧ್ಯಾಹ್ನ 12:30ಕ್ಕೆ ಬೀಳುತ್ತದೆ. ಹುಡುಗರು ಅಷ್ಟೊತ್ತಿಗೆ ಊಟಕ್ಕೆ ಹೋಗಿರುತ್ತಾರೆ.

ಅದೇ ಹುಬ್ಬಳ್ಳಿಯವರು

ಹಾಳೆ ಕೆಲಸ ಇವತ್ತೇ ಮಾಡುತ್ತೇನೆ ಅಕ್ಕಾರ. ಇನ್ನೊಂದು ಭಯ ಇದೆ. ಫೋನಿನಲ್ಲಿ ಖಾತೆ ಬದಲಿಸುವಾಗ ಸೀರೆ ಫೋಟೊ ಹೋಗಿ ಮೆಣಸಿನಕಾಯಿ ಪೇಜಿನಲ್ಲಿ ಬಿದ್ದರೆ? ಎರಡು ಸಲ ಕೂದಲೆಳೆಯಲ್ಲಿ ತಪ್ಪಿದೆ.

ಉತ್ತರ

ನಿಮ್ಮದು ತಪ್ಪಿದೆ, ನನ್ನದು ತಪ್ಪಲಿಲ್ಲ. ಹೇಳುತ್ತೇನೆ, ನಗಬೇಡಿ.

ಆಗ ನನ್ನ ಕೈಯಲ್ಲಿ ಎರಡು ಖಾನಾವಳಿ ಇದ್ದವು. ಒಂದು ಸಾವಜಿ. ಇನ್ನೊಂದು ಶುದ್ಧ ಸಸ್ಯಾಹಾರಿ, ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಶ್ರಾವಣ ಮುಗಿದ ಮರುದಿನ ಸಾವಜಿಯವರಿಗೆ ಒಂದು ಪೋಸ್ಟ್ ಮಾಡಿದ್ದೆ. ತಾಟಿನಲ್ಲಿ ಮಟನ್, ಕೆಂಪು ರಸದ ಮೇಲೆ ಎಣ್ಣೆ ತೇಲುತ್ತಿದೆ, ಮೇಲೆ ದಪ್ಪ ಅಕ್ಷರದಲ್ಲಿ "ಶ್ರಾವಣ ಮುಗೀತು, ಇನ್ನ ಬರ್ರಿ!" ನನಗೇ ಬಹಳ ಹಿಡಿಸಿತ್ತು. ಹಾಕಿದ್ದು ಸಸ್ಯಾಹಾರಿ ಖಾನಾವಳಿಯ ಪೇಜಿನಲ್ಲಿ. 17 ನಿಮಿಷ ಅಲ್ಲೇ ಇತ್ತು. ಮಾಲೀಕರು ಫೋನ್ ಮಾಡಿ ತಣ್ಣಗೆ ಕೇಳಿದರು: "ಅಕ್ಕಾರ, ನಮ್ಮ ಅಡಗಿ ಮನ್ಯಾಗ ಕುರಿ ಯಾವಾಗ ಬಂತ್ರೀ?"

ಅವತ್ತಿನಿಂದ ಫೋನಿನಲ್ಲಿ ಪೋಸ್ಟ್ ಹಾಕುವುದು ಬಿಟ್ಟೆ. ಫೋನು ಉತ್ತರ ಕೊಡುವುದಕ್ಕೆ ಮಾತ್ರ. ಕಂಪ್ಯೂಟರ್‌ನಲ್ಲಿ ಪ್ರತಿ ಗಿರಾಕಿಗೂ ಬೇರೆ ಕ್ರೋಮ್ ಪ್ರೊಫೈಲ್ ಮಾಡಿದ್ದೇನೆ, ಪ್ರತಿಯೊಂದಕ್ಕೂ ಬೇರೆ ಬಣ್ಣ. ಸಾವಜಿಗೆ ಕೆಂಪು, ಸಸ್ಯಾಹಾರಿಗೆ ಹಸಿರು. ಕಣ್ಣಿಗೆ ಬಣ್ಣ ಮೊದಲು ಬೀಳುತ್ತದೆ, ಹೆಸರು ಆಮೇಲೆ. ಒಂದು ಪ್ರೊಫೈಲ್‌ನಲ್ಲಿ ಒಬ್ಬ ಗಿರಾಕಿಯ ಪೇಜು ಮಾತ್ರ ತೆರೆಯುತ್ತೇನೆ, ಹಂಗಾಗಿ ತಪ್ಪಾಗುವುದು ಬಹಳ ಕಡಿಮೆ.

ಇದಕ್ಕಿಂತ ದೊಡ್ಡ ಪಾಠ ಕಲಿತದ್ದು 2021ರ ಅಕ್ಟೋಬರ್ 29ಕ್ಕೆ. ಶುಕ್ರವಾರ. ಆ ವರ್ಷ ದೀಪಾವಳಿ ನವೆಂಬರ್ 4ಕ್ಕೆ ಇತ್ತು, ಎಲ್ಲ ಗಿರಾಕಿಗಳದ್ದೂ ಆಫರ್ ಪೋಸ್ಟ್ ಟೈಮ್ ಹಾಕಿ ಇಟ್ಟು ಆರಾಮಾಗಿ ಕೂತಿದ್ದೆ. ಪುನೀತ್ ರಾಜ್‌ಕುಮಾರ್ ಹೋದ ಸುದ್ದಿ ಬಂತು. ಏನೂ ತೋಚಲಿಲ್ಲ, ಟಿವಿ ಮುಂದೆ ಕೂತುಬಿಟ್ಟೆ. ಸಂಜೆ ನೆನಪಾಯಿತು. ಒಂದೊಂದೇ ಪೋಸ್ಟ್ ತೆಗೆಯುತ್ತಾ ಬಂದೆ, ಒಂದು ಬಟ್ಟೆ ಅಂಗಡಿಯದ್ದು ಕೈ ತಪ್ಪಿತು. ಊರೆಲ್ಲ ಅಳುತ್ತಿರುವಾಗ "ಧಮಾಕಾ" ಅಂತ ಪಟಾಕಿ ಚಿತ್ರ. ಕೆಳಗೆ ಬಂದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಹಂಗಾಗಿ ಟೂಲ್ ತಗೊಳ್ಳುವಾಗ ನಾನು ನೋಡುವ ಮೊದಲ ಬಟನ್ ಎಲ್ಲ ಪೋಸ್ಟ್ ಒಂದೇ ಸಲ ತಡೆಯುವ ಬಟನ್. ಬಫರ್‌ನಲ್ಲಿ ಒಂದೊಂದು ಚಾನೆಲ್ಲಿನ ಸಾಲನ್ನು ಪೂರ್ತಿ ನಿಲ್ಲಿಸಬಹುದು. ಬಣ್ಣಬಣ್ಣದ ಗ್ರಾಫು, ರಿಪೋರ್ಟು ಎಲ್ಲ ಆಮೇಲೆ.

ಪ್ರಶ್ನೆ, ಬ್ಯಾಡಗಿಯಿಂದ

ಮೇಡಂ, ಮೇಲಿನ ಹುಡುಗ ಹೇಳಿದ ವ್ಯಾಪಾರಿ ನಾನಲ್ಲ, ಆದರೆ ನನ್ನದೂ ಮೆಣಸಿನಕಾಯಿಯೇ. ನಮ್ಮ ಪೇಜಿನಲ್ಲಿ ಬರುವುದು ಕಾಣುತ್ತದೆ. ಬೇರೆ ಕಡೆ ನಮ್ಮ ಬಗ್ಗೆ ಯಾರು ಏನು ಬರೆಯುತ್ತಾರೆ, ಅದನ್ನು ಹಿಡಿಯುವ ಟೂಲ್ ಇದೆಯಾ? ಒಬ್ಬರು ವಾಟ್ಸಾಪ್ ಗ್ರೂಪ್‌ಗಳಲ್ಲಿ ಬಂದದ್ದನ್ನೂ ತೋರಿಸುತ್ತೇವೆ ಅಂತ ರೇಟ್ ಹೇಳಿದ್ದಾರೆ.

ಉತ್ತರ

ಕಾಕಾ, ವಾಟ್ಸಾಪ್ ಮಾತು ಹೇಳಿದವರನ್ನು ಚಹಾ ಕುಡಿಸಿ ಕಳಿಸಿಬಿಡಿ. ಬೇರೆಯವರ ಗ್ರೂಪಿನ ಮೆಸೇಜು ಯಾವ ಟೂಲಿಗೂ ಕಾಣುವುದಿಲ್ಲ. ಲಾಕ್ ಇರುವ ಪ್ರೊಫೈಲ್‌ಗಳೂ ಅಷ್ಟೇ.

ಉಚಿತವಾಗಿ ಗೂಗಲ್ ಅಲರ್ಟ್ಸ್ ಇದೆ. ಒಂದು ಪದ ಕೊಟ್ಟರೆ, ಅದು ಹೊಸ ವೆಬ್ ಪುಟದಲ್ಲೋ ಸುದ್ದಿಯಲ್ಲೋ ಗೂಗಲ್‌ಗೆ ಸಿಕ್ಕಾಗ ನಿಮಗೆ ಮೇಲ್ ಬರುತ್ತದೆ. ಸೋಷಿಯಲ್ ಮೀಡಿಯಾದ ಪೋಸ್ಟು ಅದರಲ್ಲಿ ಸಿಗುವುದು ಕಡಿಮೆ. ಅದಕ್ಕೆ ವಾರಕ್ಕೊಮ್ಮೆ ನೀವೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲಿ ಹುಡುಕಬೇಕು. ಅರ್ಧ ಗಂಟೆಯ ಕೆಲಸ.

ಇಲ್ಲಿ ನಮ್ಮ ಕಡೆಯವರ ನಿಜವಾದ ತಲೆನೋವು ಸ್ಪೆಲ್ಲಿಂಗ್. ಕನ್ನಡದಲ್ಲಿ ಬ್ಯಾಡಗಿ, ಬ್ಯಾಡ್ಗಿ, ಬ್ಯಾಡಿಗಿ ಮೂರೂ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ನಾಲ್ಕು ಥರ. ಹುಬ್ಬಳ್ಳಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾದದ್ದು 2014ರ ನವೆಂಬರ್ 1ಕ್ಕೆ, ಜನ ಇನ್ನೂ ಹಳೆಯದನ್ನೇ ಬರೆಯುತ್ತಾರೆ. ಪೇಡೆಗೂ ಪೇಡಾ, ಪೇಢಾ, ಪೇಢೆ. ಒಂದೇ ಸ್ಪೆಲ್ಲಿಂಗ್ ಕೊಟ್ಟು "ಯಾರೂ ಏನೂ ಬರೆದಿಲ್ಲ" ಅಂತ ನೆಮ್ಮದಿಯಾಗಿ ಮಲಗಿದವರನ್ನು ನೋಡಿದ್ದೇನೆ. ಅಂಗಡಿ ಹೆಸರನ್ನು ಜನ ಎಷ್ಟು ಥರ ತಪ್ಪು ಬರೆಯುತ್ತಾರೋ ಅಷ್ಟೂ ಪಟ್ಟಿ ಮಾಡಿ. ಗಲ್ಲಾದ ಮೇಲೆ ಕೂರುವವರನ್ನು ಕೇಳಿದರೆ ಗಿರಾಕಿಗಳು ಏನೇನು ಅನ್ನುತ್ತಾರೆ ಅಂತ ಹೇಳುತ್ತಾರೆ.

ದುಬಾರಿ ಟೂಲ್‌ಗಳು ಕಾಮೆಂಟ್ ಓದಿ ಇದು ಹೊಗಳಿಕೆ, ಇದು ದೂರು ಅಂತ ತಾವೇ ವಿಂಗಡಿಸುತ್ತವೆ. ನಿಮ್ಮ ಮಾಲಿಗೇ ಅದನ್ನು ಹಚ್ಚಿ ನೋಡಿ. "ಬಣ್ಣ ಭಾರಿ ಐತಿ, ಖಾರ ಇಲ್ಲ" ಅಂತ ಒಬ್ಬರು ಬರೆದರೆ ಟೂಲ್ "ಇಲ್ಲ" ನೋಡಿ ದೂರಿನ ಡಬ್ಬಿಗೆ ಹಾಕಿದರೂ ಹಾಕಿತು. ಬ್ಯಾಡಗಿ ಮೆಣಸಿನಕಾಯಿಯನ್ನು ಜನ ಕೊಳ್ಳುವುದೇ ಬಣ್ಣಕ್ಕೆ, ಖಾರ ಕಡಿಮೆ ಅಂತಲೇ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಮಾಲು ಅದು. ಅದೇ ಕಾಮೆಂಟು ಮಿರ್ಚಿ ಬಜಿ ಅಂಗಡಿಗೆ ಬಂದರೆ ಬೇರೆ ಮಾತು. ನಮ್ಮ ಮಾತು ನಾವೇ ಓದಬೇಕು ಕಾಕಾ, ಸದ್ಯಕ್ಕಂತೂ.

ಪ್ರಶ್ನೆ, ಗದಗ-ಬೆಟಗೇರಿಯಿಂದ

ಅಕ್ಕಾ, ಸೀರೆ ಮಾರಾಟ ಎಲ್ಲ ವಾಟ್ಸಾಪ್‌ನಲ್ಲೇ. ಒಂದೇ ಸಲ ಸಾವಿರಾರು ಜನರಿಗೆ ಕಳಿಸುವ ಸಾಫ್ಟ್‌ವೇರ್ ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಬಹುದಾ?

ಉತ್ತರ

ಬೇಡ. ಅಂಥ ಸಾಫ್ಟ್‌ವೇರ್ ಬಳಸಿದರೆ ವಾಟ್ಸಾಪ್ ನಂಬರ್ ಬ್ಯಾನ್ ಮಾಡುತ್ತದೆ. ಹತ್ತು ವರ್ಷದಿಂದ ಗಿರಾಕಿಗಳ ಫೋನಿನಲ್ಲಿರುವ ನಂಬರ್ ಹೋದರೆ ಅಂಗಡಿಯ ಬೋರ್ಡೇ ಕಿತ್ತುಹಾಕಿದ ಹಾಗೆ.

ವಾಟ್ಸಾಪ್ ಬಿಸಿನೆಸ್ ಆಪ್ ಉಚಿತ. ಅದರಲ್ಲಿ ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು, "ದುಡ್ಡು ಬಾಕಿ", "ಪಾರ್ಸೆಲ್ ಹೋಯಿತು" ಅಂತ. ಕ್ಯಾಟಲಾಗ್ ಇಡಬಹುದು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಫೋನಿನ ಜತೆ ಇನ್ನೂ 4 ಕಡೆ ತೆರೆಯಬಹುದು, ಹಂಗಾಗಿ ಮನೆಯವರೂ ಕೂತು ಉತ್ತರ ಕೊಡಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ವಾಟ್ಸಾಪ್‌ನದೇ ಅಧಿಕೃತ ಎಪಿಐ (ಬೇರೆ ಸಾಫ್ಟ್‌ವೇರ್ ಅನ್ನು ವಾಟ್ಸಾಪ್‌ಗೆ ಜೋಡಿಸುವ ದಾರಿ) ಇದೆ, ಅದಕ್ಕೆ ದುಡ್ಡು ಬೀಳುತ್ತದೆ.

ಪ್ರಶ್ನೆ, ಹಾವೇರಿಯಿಂದ

ಏಲಕ್ಕಿ ಹಾರ ಮಾಡುತ್ತೇವೆ ಮೇಡಂ. "ನಿಮ್ಮ ಪೇಜು 24 ಗಂಟೆಯಲ್ಲಿ ಡಿಲೀಟ್ ಆಗುತ್ತದೆ, ಈ ಲಿಂಕ್ ಒತ್ತಿ" ಅಂತ ಮೆಟಾ ಚಿಹ್ನೆ ಇರುವ ಖಾತೆಯಿಂದ ಮೆಸೇಜ್ ಬಂದಿದೆ. ಒತ್ತಿಲ್ಲ ಇನ್ನೂ.

ಉತ್ತರ

ಒತ್ತಲೇಬೇಡಿ, ಕಳ್ಳರದ್ದು. ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ. ನಿಜವಾಗಿ ತೊಂದರೆ ಇದ್ದರೆ ನಿಮ್ಮ ಪೇಜಿನ ಸೆಟ್ಟಿಂಗ್ಸ್ ಒಳಗೇ ಕಾಣುತ್ತದೆ, ಮೆಸೆಂಜರ್‌ನಲ್ಲಿ ಬಂದು ಯಾರೂ ಹೇಳುವುದಿಲ್ಲ. ಇವತ್ತೇ ಎರಡು ಹಂತದ ಲಾಗಿನ್ ಆನ್ ಮಾಡಿ, ಅಥೆಂಟಿಕೇಟರ್ ಆಪ್‌ನಲ್ಲಿ (ಲಾಗಿನ್‌ಗೆ ಬೇಕಾದ ಕೋಡ್ ಫೋನಿನಲ್ಲೇ ತೋರಿಸುವ ಆಪ್). ಆಗ ಫೇಸ್‌ಬುಕ್ ಕೊಡುವ ಬ್ಯಾಕಪ್ ಕೋಡ್‌ಗಳನ್ನು (ಆ ಆಪ್ ಕೈಗೆ ಸಿಗದಾಗ ಲಾಗಿನ್ ಆಗುವುದಕ್ಕೆ) ಬರೆದು ಕಪಾಟಿನಲ್ಲಿಡಿ. ಅದೇ ಫೋನಿನ ಗ್ಯಾಲರಿಯಲ್ಲಿ ಬೇಡ, ಫೋನ್ ಕಳೆದರೆ ಅದೂ ಹೋಯಿತು.

ಮತ್ತೆ ಹುಬ್ಬಳ್ಳಿಯವರು, ಎರಡು ದಿನ ಬಿಟ್ಟು

ಅಕ್ಕಾರ, ಹಾಳೆ ಬರೆದೆ. ಎಂಟು ಖಾತೆ ಸರಿಯಿವೆ. ಸೀರೆ ಅಂಗಡಿಯ ಇನ್‌ಸ್ಟಾಗ್ರಾಂ ಒಟಿಪಿ ಯಾರ ನಂಬರಿಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಕ್ಲಾಸಿನ ಯೂಟ್ಯೂಬ್ ಹಳೆಯ ಎಡಿಟರ್ ಮೇಲ್‌ನಲ್ಲಿದೆ. ಪೇಡೆ ಅಂಗಡಿಯ ಗೂಗಲ್ ಇರುವುದು ಮಾಲೀಕರ ಮಗನ ಕಾಲೇಜು ದಿನಗಳ ಜಿಮೇಲ್‌ನಲ್ಲಿ. ಅವರು ಈಗ ಪುಣೆಯಲ್ಲಿದ್ದಾರೆ. ಫೋನ್ ಮಾಡಿದರೆ ಆ ಮೇಲ್ ತೆಗೆದು ನೋಡಿ ವರ್ಷಗಳೇ ಆದವು ಅಂದರು. ನೀವು ಹೇಳಿದ ಹಾಗೇ ಅಲ್ಲಿ ರಿವ್ಯೂ ಮೇಲ್‌ಗಳು ಸಾಲಾಗಿ ಬಿದ್ದಿದ್ದವಂತೆ, 43.

ಉತ್ತರ

43ರಲ್ಲಿ ಹೊಗಳಿದವರೂ ಇರುತ್ತಾರೆ, ಅವರಿಗೂ ಉತ್ತರ ಬಾಕಿ ಇದೆ. ಮಗ ನಿಮ್ಮನ್ನು ಮ್ಯಾನೇಜರ್ ಮಾಡಲಿ, ಅಪ್ಪನನ್ನು ಓನರ್ ಮಾಡಲಿ, ಫೋನ್ ಇಡುವ ಮೊದಲೇ. ನಾಳೆ ಅಂದರೆ ಅವರು ಮರೆಯುತ್ತಾರೆ. ಒಣಗಿದ ಪೇಡೆಯವರಿಗೆ ಇವತ್ತೇ ಎರಡು ಸಾಲು ಬರೆಯಿರಿ: ತಪ್ಪಾಯಿತು, ಮತ್ತೊಮ್ಮೆ ಅಂಗಡಿಗೆ ಬನ್ನಿ ಅಂತ. ಬರೆಯುವ ಮೊದಲು ಮಾಲೀಕರನ್ನು ಕೇಳಿ, ಅವರು ಬಂದರೆ ತಾಜಾ ಕಾಲು ಕಿಲೊ ಕೊಡುತ್ತೀರಾ ಅಂತ. ಯೂಟ್ಯೂಬ್‌ನ ಹಳೆಯ ಎಡಿಟರ್ ಜತೆ ಜಗಳ ಆಗಿಲ್ಲ ತಾನೇ?

ಹುಬ್ಬಳ್ಳಿಯವರು

ಸಂಬಳ ಬಾಕಿ ಇದೆಯಂತೆ ಅಕ್ಕಾರ.

ಉತ್ತರ

ಹಂಗಾದರೆ ಮೊದಲು ಅದನ್ನು ಕೊಡಿಸಿ.