ಅಪ್ಪಯ್ಯನ ಫ್ಲಾಪಿ ಓದ್ತಾ ಇಲ್ಲ, ಎಂತ ಮಾಡುದು?

ಮಲ್ಪೆಯವ:
ಅಪ್ಪಯ್ಯ ಬರೆದ ಯಕ್ಷಗಾನ ಪದ್ಯಗಳು 11 ಫ್ಲಾಪಿಯಲ್ಲಿ ಉಂಟು, ಎಲ್ಲ 3.5 ಇಂಚಿನವು. 2003ರಲ್ಲಿ ‘ನುಡಿ’ ಅಂತ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು. ಇಪ್ಪತ್ತು ಮಳೆಗಾಲ ಅಟ್ಟದಲ್ಲಿ, ಹಲಸಿನ ಹಪ್ಪಳದ ಡಬ್ಬಿ ಪಕ್ಕ ಇದ್ದವು. ಯುಎಸ್‌ಬಿ ಫ್ಲಾಪಿ ಡ್ರೈವ್ ತಂದು ಹಾಕಿದರೆ ಕರಕರ ಶಬ್ದ, ಮತ್ತೆ ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳ್ತದೆ. ಒತ್ತುದಾ?

ಹಳೇ ಮೆಕ್ಯಾನಿಕ್:
ಒತ್ತಬೇಡಿ ಮಾರಾಯ್ರೆ! ಮೊದಲು ಮೂಲೆಯ ಪುಟ್ಟ ತುಂಡನ್ನು ಸರಿಸಿ ಕಿಂಡಿ ತೆರೆದಿಡಿ, ಆಗ ಅದರ ಮೇಲೆ ಏನೂ ಬರೆಯಲಿಕ್ಕೆ ಆಗುದಿಲ್ಲ. ಶಟರ್, ಅಂದರೆ ಜಾರುವ ಮುಚ್ಚಳ, ಸರಿಸಿ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆ ಕಂಡರೆ ಬೂಷ್ಟು, ನಮ್ಮೂರ ಹವೆಯಲ್ಲಿ ಬಾರದೆ ಇರ್ತದಾ? ಹಾಗೇ ಹಾಕಿದರೆ ಅದು ಡ್ರೈವಿನೊಳಗೆ ಓದುವ ಹೆಡ್ಡಿಗೆ ಅಂಟಿ ಮುಂದಿನ ಒಳ್ಳೆ ಫ್ಲಾಪಿಯನ್ನೂ ಗೀರ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ನಡುವಿನ ಲೋಹದ ಬಿಲ್ಲೆ ಮೆಲ್ಲ ತಿರುಗಿಸುತ್ತ ಎರಡೂ ಬದಿ ಒರೆಸಿ. ಪೂರ್ತಿ ಒಣಗಲಿ. ಡ್ರೈವಿನ ಹೆಡ್ಡನ್ನೂ ಒರೆಸಿ. ನಾನು ಒಮ್ಮೆ ಅವಸರ ಮಾಡಿ ತಂಗಿಯ ಮದುವೆ ಪಟ್ಟಿ ಕಳಕೊಂಡವ.

ಹಂಪನಕಟ್ಟೆ:
ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಓಡಿಸಿ, ಹಾಳಾದ ಡಿಸ್ಕಿನಿಂದ ಡೇಟಾ ಎತ್ತುವ ಪ್ರೋಗ್ರಾಂ ಅದು. ಸುಲಭಕ್ಕೆ ಸಿಕ್ಕಿದ್ದನ್ನು ಮೊದಲು ಎತ್ತಿಟ್ಟು, ಹಟ ಮಾಡುವ ಸೆಕ್ಟರ್‌ಗಳಿಗೆ (ಡಿಸ್ಕಿನ ಸಣ್ಣ ಭಾಗಗಳಿಗೆ) ಆಮೇಲೆ ಮರಳಿ ಬರ್ತದೆ. ಕೊನೆಗೆ ಇಡೀ ಫ್ಲಾಪಿಯ ನಕಲು ಒಂದು ಇಮೇಜ್ ಫೈಲಾಗಿ ಸಿಗ್ತದೆ. ಆ 1.44 ಎಂಬಿ ಇಮೇಜಿನ ಪ್ರತಿಯ ಮೇಲೆಯೇ ಮುಂದಿನ ಕೆಲಸ.

ಮಲ್ಪೆಯವ:
ಏಳು ಫ್ಲಾಪಿ ಬಂತು! ಆದರೆ ಫೈಲ್ ತುಂಬ ಇಂಗ್ಲಿಷ್ ಅಕ್ಷರದ ಕಸ.

ಹಂಪನಕಟ್ಟೆ:
ಕಸ ಅಲ್ಲ, ಅದು ಹಳೇ ಆಸ್ಕಿ ಫಾಂಟು, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ತೋರಿಸುವಂಥದ್ದು. ಹೊಸ ನುಡಿಯ ಪರಿವರ್ತಕದಲ್ಲಿ ಯುನಿಕೋಡ್ ಮಾಡಿ.

ಮಲ್ಪೆಯವ:
ಆಯ್ತು. ಒಂದು ಭಾಮಿನಿ ಷಟ್ಪದಿಯ ಪದ್ಯ ಮಾತ್ರ ಮೂರನೇ ಸಾಲಿಗೇ ನಿಂತಿದೆ. ಅಮ್ಮನಿಗೆ ಓದಿ ಹೇಳಿದೆ, ಉಳಿದ ಸಾಲು ಅವರಿಗೆ ಬಾಯಿಪಾಠ.