ಹುಬ್ಬಳ್ಳ್ಯಾಗ 30 ಮಂದಿಗೆ ಸಣ್ಣ ಪ್ಲೇಟು, ಕಾಕ್‌ಟೇಲ್: ಲೆಕ್ಕ ಹೇಳ್ರಿ

ಗೋಕುಲ ರೋಡ್ ಕೌಂಟರ್

ಸಣ್ಣ ಬಾರ್ ಆಂಡ್ ರೆಸ್ಟೋರೆಂಟ್. ಶನಿವಾರ ಸಂಜಿ 7ರಿಂದ 30 ಮಂದಿಗೆ ಊಟದ ಬದಲಿ ಸಣ್ಣ ಪ್ಲೇಟು, ಜೋಡಿಗೆ ಕಾಕ್‌ಟೇಲ್ ಇಡೋ ವಿಚಾರ ಐತಿ. ತಿನ್ನಾಕ ನಮ್ಮ ಕಡೇದ: ಗಿರ್ಮಿಟ್ (ಒಗ್ಗರಣಿ ಕಲಸಿದ ಚುರುಮುರಿ), ಮಿರ್ಚಿ ಭಜಿ, ಸಾವಜಿ ಮಂದಿ ಅಡಗಿ ಖಾರದ ಖೀಮಾ ಉಂಡಿ, ಕಡಕ್ ರೊಟ್ಟಿ. ಕುಡ್ಯಾಕ ನಾಕು ಬರದೇನಿ: ಬ್ಯಾಡಗಿ ಮೆಣಸಿನಕಾಯಿ ನೆನಸಿದ ವೋಡ್ಕಾ, ಕೋಕಂ (ಪುನರ್ಪುಳಿ) ಜಿನ್, ಬೆಲ್ಲದ ರಮ್, ಧಾರವಾಡ ಪೇಡೆ ಹಾಕಿದ್ದೊಂದು. ಕೌಂಟರಿಗೆ ಒಬ್ಬಾಂವ, ಅಡಗಿಮನ್ಯಾಗ ಇಬ್ಬರು, ಕಡಾಯಿ ಒಂದ. ನಡೀತೈತೇನ್ರಿ? ಸಾಮಾನು ಎಷ್ಟು ತರಬೇಕು?

ಪೆಗ್ ಅಳತಿ

ಒಬ್ಬನ ಕೈಯಾಗ ನಾಕು ಕಾಕ್‌ಟೇಲ್ ಆಗೂದಿಲ್ರಿ. ಎರಡ ಇಡ್ರಿ. ಅದರಾಗೂ ಒಂದು ಗ್ಲಾಸಿನ್ಯಾಗ ಕಟ್ಟೋದು (ನೇರ ಗ್ಲಾಸಿಗೇ ಸುರುವಿ ಬೆರಸೋದು), ಒಂದು ಶೇಕರಿನ್ಯಾಗ ಅಲ್ಲಾಡಸೋದು ಇರಲಿ. ಎರಡೂ ಶೇಕರಿನ್ವು ಆದ್ರ 7:15ಕ್ಕ ಮಂದಿ ಕೌಂಟರ್ ಮುಂದ ನಿಂತಬಿಡ್ತಾರ.

ಪೇಡೆ ಕೈಬಿಡ್ರಿ. ಖೋವಾದ ಜಿಡ್ಡು ಕರಗೂದಿಲ್ಲ, ನಾಲಿಗಿಗೆ ಮರಳಾಗ್ತೈತಿ, ಲಿಂಬಿ ತಾಗಿದ್ರ ಒಡೀತೈತಿ. ಕಡೀಕ ಪ್ಲೇಟಿನ್ಯಾಗ ಅರ್ಧರ್ಧ ಪೇಡೆ ಕೊಟ್ರ ಅದಕ್ಕ ಮರ್ಯಾದಿ.

ಬ್ಯಾಡಗಿ ವೋಡ್ಕಾನೂ ಬ್ಯಾಡ. ಬ್ಯಾಡಗಿಗೆ ಹೆಸರು ಬಂದದ್ದು ಬಣ್ಣಕ್ಕ, ಉರಿಗಲ್ಲ. ಬೀಜ ತಗೀದ ನೆನಸಿದ್ರ ಕಹಿ ಬರ್ತೈತಿ. ಮ್ಯಾಲ ಬಾರಿನ ಬಾಟಲ್ಯಾಗ ಏನರ ತೇಲಾಡಾಕತ್ತಿದ್ರ ಅಬಕಾರಿಯವ್ರು ಕಲಬೆರಕಿ ಅಂತ ಕೇಳಬಹುದು. ಬೀಜ ತಗದ ಡಬ್ಬಿ ಬ್ಯಾಡಗಿ (ಗಿಡ್ಡ, ದಪ್ಪನ ತಳಿ) ಪುಡಿ 1 ಪಾಲು, ಉಪ್ಪು 2 ಪಾಲು ಕಲಸಿ ಗ್ಲಾಸಿನ ಕಂಠಕ್ಕ ಹಚ್ರಿ. ಅರ್ಧ ಕಂಠಕ್ಕ ಅಷ್ಟ. ಪೂರ್ತಿ ಹಚ್ಚಿದ್ರ ಬ್ಯಾಡ ಅನ್ನಾಂವಗ ಬಾಯಿ ಇಡಾಕ ಜಾಗಾ ಇರೂದಿಲ್ಲ.

ಕೋಕಂ ಜಿನ್: ಜಿನ್ 45 ಎಂಎಲ್, ಕೋಕಂ ಪಾಕ 20, ಲಿಂಬಿರಸ 10, ಐಸ್, ಮ್ಯಾಲ ಸೋಡಾ 90. ಗ್ಲಾಸಿನ್ಯಾಗ ಕಟ್ಟಿ ಒಮ್ಮಿ ಕೆಳಗಿಂದ ಮ್ಯಾಲ ತಿರುವಿದ್ರ ಸಾಕು. ಕೋಕಂ ಮೊದಲ ಹುಳಿ, ಲಿಂಬಿ ಹೆಚ್ಚಿಗಿ ಸುರೀಬ್ಯಾಡ್ರಿ.

ಬೆಲ್ಲದ ರಮ್: ರಮ್ 45, ಲಿಂಬಿರಸ 20, ಬೆಲ್ಲದ ಪಾಕ 20. ಐಸ್ ತುಂಬಿ 12 ಸೆಕೆಂಡ್ ಜೋರಾಗಿ ಅಲ್ಲಾಡಿಸಿ ಸೋಸ್ರಿ. ಒಂದು ಶೇಕರಿಗೆ ಎರಡು ಗ್ಲಾಸಿಂದು ಹಾಕಬಹುದು. ಲಿಂಬಿ ಮತ್ತು ಪಾಕ ಸಮಾಸಮ ಬೆರೆಸಿ ಜಗ್ಗಿನ್ಯಾಗ ಇಟ್ಕೊಂಡ್ರ ಒಂದ ಅಳತಿ, 40. ರಮ್ ಮಾತ್ರ ಗಿರಾಕಿ ಕಣ್ಣೆದುರ ಅಳೀರಿ.

ಪಾಕದ ಲೆಕ್ಕ ಹಿಂಗ. ಒಣ ಕೋಕಂ ಸಿಪ್ಪಿ 150 ಗ್ರಾಂ, 600 ಎಂಎಲ್ ಬಿಸಿನೀರಾಗ ಎರಡು ತಾಸು ನೆನಸಿ, ಹಿಚುಕಿ ಸೋಸಿ, 500 ಗ್ರಾಂ ಸಕ್ಕರಿ ಕರಗಿಸ್ರಿ. ಸ್ಟೀಲ್ ಪಾತ್ರಿ, ಅಲ್ಯೂಮಿನಿಯಂ ಬ್ಯಾಡ. ಬೆಲ್ಲ ಅರ್ಧ ಕೆಜಿಗೆ ಅರ್ಧ ಲೀಟರ್ ನೀರು, ಒಂದು ಕುದಿ, ಬಟ್ಟಿಲೆ ಸೋಸೋದು (ಬೆಲ್ಲದಾಗ ಕಸ ಇದ್ದ ಇರ್ತೈತಿ). ಎರಡನ್ನೂ ಹಿಂದಿನ ದಿನಾನ ಮಾಡಿ ಫ್ರಿಜ್ಜಿನ್ಯಾಗ ಇಡ್ರಿ. ಉಗುರುಬೆಚ್ಚಗಿನ ಪಾಕಕ್ಕ ಐಸ್ ಕರಗಿ ಗ್ಲಾಸ್ ನೀರಾಗ್ತೈತಿ.

ತಲಿಗೆ ಎರಡು ಗ್ಲಾಸ್ ಹಿಡದ್ರ ಜಿನ್ 30, ರಮ್ 30. 750ರ ಬಾಟಲಿಗೆ 16 ಗ್ಲಾಸ್ ಬರ್ತಾವು, ಹಂಗಾಗಿ ಎರಡೆರಡು ಬಾಟಲಿ ಸರಿ. ಲಿಂಬಿರಸ 900 ಎಂಎಲ್ ಬೇಕು, ಹಣ್ಣಿಗೆ 20 ಎಂಎಲ್ ಹಿಡದ್ರ 45 ಹಣ್ಣು. ತೊಗಲು ದಪ್ಪ ಇದ್ರ 55 ತರ್ರಿ. ಹಿಂಡೋದು ಸಂಜಿ 5ಕ್ಕ. ಮುಂಜಾನೆ ಹಿಂಡಿದ ರಸ ರಾತ್ರಿಗೆ ಕಹಿ. ಸೋಡಾ 300ರ ಸಣ್ಣ ಬಾಟಲಿ 12, ಐಸಿನ್ಯಾಗ ಹುಗದಿಡ್ರಿ. ದೊಡ್ಡ ಬಾಟಲಿ ಅರ್ಧಕ್ಕ ಬರೂದ್ರಾಗ ಗ್ಯಾಸ್ ಹೋಗಿರ್ತೈತಿ.

ಐಸ್ 25 ಕೆಜಿ. ಮೀನ ಮಾರ್ಕೆಟ್ಟಿನ ಗಡ್ಡಿ ಒಡದು ಗ್ಲಾಸಿಗೆ ಹಾಕಬ್ಯಾಡ್ರಿ, ಅದು ಕುಡಿಯೂ ನೀರಿಂದಲ್ಲ. ಬಾಟಲಿ ತಂಪ ಮಾಡಾಕ ನಡೀತೈತಿ, ಆದ್ರ ಬ್ಯಾರೆ ಟಬ್ಬಿನ್ಯಾಗ.

ಬೆಟಗೇರಿ ಕಡಾಯಿ

ಕಡಾಯಿ ಒಂದ ಅಂತೀರಿ, ಖೀಮಾ ಉಂಡಿ, ಮಿರ್ಚಿ ಎರಡೂ ಕರಿಯೂವು. ಸಿಕ್ಕೊಳ್ಳೂದು ಅಲ್ಲೆ. 7ಕ್ಕ ಒಲಿ ಬ್ಯಾಡದ್ದು ಹೊರಗ ಬರಲಿ: ಕಡಕ್ ರೊಟ್ಟಿ ಮುರದು, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಗಟ್ಟಿ ಮೊಸರು. 7:40ಕ್ಕ ಉಂಡಿ. 8:20ಕ್ಕ ಗಿರ್ಮಿಟ್ ಮಿರ್ಚಿ. ಮಿರ್ಚಿ ಮೊದಲ ಕರದ್ರ ಉದುರಿದ ಹಿಟ್ಟು ಎಣ್ಣ್ಯಾಗ ಕರ್ರಗಾಗಿ ಉಂಡಿಗೆ ಹತ್ತತೈತಿ.

ಉಂಡಿ: ಸಣ್ಣಗ ಕೊಚ್ಚಿದ ಖೀಮಾ 1.5 ಕೆಜಿ, ಪುಟಾಣಿ ಹಿಟ್ಟು 150 ಗ್ರಾಂ, ಮಸಾಲಿ, 25 ಗ್ರಾಮಿನ ಉಂಡಿ. ತಲಿಗೆ ಎರಡು ಬಂದು ಒಂದಿಷ್ಟು ಉಳೀತಾವು. ತೊಳದ ಖೀಮಾದ ನೀರು ಪೂರ್ತಿ ಹಿಂಡಬೇಕು, ಎಣ್ಣ್ಯಾಗ ಒಡಿಯೂದಕ್ಕ ಮುಕ್ಕಾಲು ಪಾಲು ಅದ ಕಾರಣ. ಕಟ್ಟಿ ಅರ್ಧ ತಾಸು ಫ್ರಿಜ್ಜಿನ್ಯಾಗ ಇಟ್ಟು, ಮಧ್ಯಮ ಉರಿಗೆ ಒಮ್ಮಿಗೆ ಹತ್ತ ಬಿಡ್ರಿ.

ಮಿರ್ಚಿ 60: ಕಡ್ಲಿ ಹಿಟ್ಟು 1.5 ಕೆಜಿ, ಅಜವಾನ, ಉಪ್ಪು, ಅಡಗಿ ಸೋಡಾ ಒಂದು ಸಣ್ಣ ಚಮಚ, ಕಾದ ಎಣ್ಣಿ ಮೂರು ಚಮಚ. ಸೋಡಾ ಹೆಚ್ಚಾದ್ರ ಮಿರ್ಚಿ ಎಣ್ಣಿ ಕುಡೀತೈತಿ. ಹಿಟ್ಟು ಕಾಯಿಗೆ ಹಿಡದು ತುದೀಲೆ ನಿಧಾನ ತೊಟ್ಟಿಕ್ಕಬೇಕು, ಸುರದ್ರ ನೀರಾಗೇತಿ ಅಂತ ತಿಳೀರಿ.

ಗಿರ್ಮಿಟ್‌ಗೆ ಚುರುಮುರಿ 1 ಕೆಜಿ ಸಾಕು, ತಲಿಗೆ 30 ಗ್ರಾಮಿನ ಮ್ಯಾಲ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸಿರಸ, ಬೆಲ್ಲದ ಒಗ್ಗರಣಿ ಮೊದಲ ಮಾಡಿ ಪೂರ್ತಿ ಆರಿಸ್ರಿ. ಪುಟಾಣಿ ಹಿಟ್ಟು ಹಾಕಿ ಕಲಸೂದು ಕೊಡೂ ಹೊತ್ತಿಗೆ, ಒಮ್ಮಿಗೆ ಆರು ಪ್ಲೇಟಿನಷ್ಟ. ಹತ್ತು ನಿಮಿಷ ಬಿಟ್ರ ಮೆತ್ತಗಾಗಿ ಮುದ್ದಿ.

ಖಾರಾ ಪ್ರೇಮಿ

ಒಂದು ತಕರಾರು. ಉಂಡಿ ಜೋಡಿಗೆ ಕೋಕಂ ಸೋಡಾ ಕೊಡಬ್ಯಾಡ್ರಿ. ಸಾವಜಿ ಖಾರದ ಮ್ಯಾಲ ಸೋಡಾದ ಗುಳ್ಳಿ ಬಿದ್ರ ಉರಿ ಇನ್ನೂ ಏರ್ತೈತಿ. ಅದಕ್ಕ ಬೆಲ್ಲದ ರಮ್, ಜೋಡಿಗೆ ಮೊಸರು. ಕೋಕಂ ಮಿರ್ಚಿಗೆ ಇಡ್ರಿ, ಎಣ್ಣಿ ಜಿಡ್ಡು ಕಡೀತೈತಿ. ಕುಡೀದವ್ರಿಗೂ ಅದ ಪಾಕ 30, ಸೋಡಾ 150.

ಗೋಕುಲ ರೋಡ್ ಕೌಂಟರ್

ಎರಡಕ್ಕ ಇಳಿಸಿದೆ. ಆದ್ರ ಕೋಕಂ ತಂದದ್ದು ಉಪ್ಪು ಹಚ್ಚಿ ಒಣಗಿಸಿದ್ದು. ನಡೀತೈತೇನ್ರಿ?

ಪೆಗ್ ಅಳತಿ

ನಡೀತೈತಿ. ತಣ್ಣೀರಾಗ ಹತ್ತು ನಿಮಿಷ ನೆನಸಿ ಆ ನೀರು ಚೆಲ್ರಿ, ಆಮ್ಯಾಲ ಬಿಸಿನೀರು. ಪಾಕ ಆದಮ್ಯಾಲ ಒಂದು ಚಮಚಕ್ಕ ನಾಕು ಚಮಚ ಸೋಡಾ ಹಾಕಿ ರುಚಿ ನೋಡ್ರಿ. ಆಗಲೂ ಉಪ್ಪು ಮುಂದ ಬಂದ್ರ ಜಿನ್ ಗ್ಲಾಸಿನ ಕಂಠಕ್ಕ ಬರೇ ಬ್ಯಾಡಗಿ ಪುಡಿ ಹಚ್ರಿ, ಉಪ್ಪು ಬಿಡ್ರಿ.