ಒಂದು ಮನೆ, ಒಂದು ದಿನಸಿ ಪಟ್ಟಿ, ನಾಲ್ಕು ಫೋನು: ಆ್ಯಪ್ ಮಾಡಿದವರು ಅನುಭವ ಹೇಳಿ

ಚೀಟಿಚೀಲ:
ಬಿಡುವಿಲ್ಲದ ಮನೆಗಳಿಗೆ ಅಂತ ದಿನಸಿ ಪಟ್ಟಿಯ ಆ್ಯಪ್ ವಿನ್ಯಾಸ ಮಾಡ್ತಿದ್ದೇನೆ. ಒಬ್ಬರು ಅಂಗಡಿಯಲ್ಲಿರುವಾಗ ಇನ್ನೊಬ್ಬರು ಆಫೀಸಿನಿಂದ ಸೇರಿಸ್ತಿರ್ತಾರೆ. ಅಂಗಡಿಯೊಳಗೆ ನೆಟ್‌ವರ್ಕ್ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಮೂರು ಪ್ರಶ್ನೆ. ಇಡೀ ಪಟ್ಟಿಯನ್ನು ಒಂದೇ ದಾಖಲೆಯಾಗಿ ಇಡಬೇಕಾ, ಸಾಮಾನಿಗೊಂದು ಸಾಲು ಮಾಡಬೇಕಾ? ಟಿಕ್ ಹಾಕಿದ ಸಾಮಾನು ಎಲ್ಲಿಗೆ ಹೋಗಬೇಕು? ಬಾರ್‌ಕೋಡ್ ಮೊದಲ ಆವೃತ್ತಿಯಲ್ಲೇ ಬೇಕಾ? ಕೈ ಸುಟ್ಟುಕೊಂಡವರು ಹೇಳಿ.

ತಕ್ಕಡಿ:
ಒಂದೇ ದಾಖಲೆ. ಇದರಲ್ಲಿ ಎರಡನೇ ಮಾತೇ ಇಲ್ಲ. ಓದಿಗೆ ಇಷ್ಟು ಅಂತ ಲೆಕ್ಕ ಹಾಕುವ ಕ್ಲೌಡ್ ಡೇಟಾಬೇಸ್ ಹಿಡಿದರೆ ಏನಾಗುತ್ತೆ ನೋಡಿ. ಸಾಮಾನಿಗೊಂದು ಸಾಲು ಮಾಡಿದ್ದೀರಿ, ಪಟ್ಟಿಯಲ್ಲಿ 60 ಸಾಮಾನು, ನಾಲ್ಕು ಫೋನು, ಪ್ರತಿಯೊಬ್ಬರೂ ದಿನಕ್ಕೆ 10 ಸಲ ತೆರೆದರು ಅಂದುಕೊಳ್ಳಿ. 60 ಗುಣಿಸು 4 ಗುಣಿಸು 10, ಅಂದರೆ ಒಂದು ಮನೆಗೆ ದಿನಕ್ಕೆ 2,400 ಓದು. ಉಚಿತ ಮಿತಿ ದಿನಕ್ಕೆ 50,000 ಇದ್ದರೆ 20 ಮನೆಗೇ ಖಾಲಿ. ಇಪ್ಪತ್ತೊಂದನೇ ಮನೆಯಿಂದ ಬಿಲ್ಲು ಶುರು. ಅದೇ ಒಂದೇ ದಾಖಲೆಯಾದರೆ ತೆರೆದಾಗಲೊಮ್ಮೆ ಒಂದು ಓದು, ದಿನಕ್ಕೆ 40. ಸಾಮಾನಿಗೆ 150 ಬೈಟ್ ಹಿಡಿದರೂ ದಾಖಲೆ 9 ಕೆಬಿ ದಾಟಲ್ಲ. ಆದರೆ ಬರೆಯುವಾಗ ಪೂರ್ತಿ ದಾಖಲೆ ಕಳಿಸಬೇಡಿ, ಬದಲಾದ ಅಂಶ ಮಾತ್ರ ಕಳಿಸಿ. ಪೂರ್ತಿ ಕಳಿಸಿದರೆ ಕೊನೆಗೆ ತಲುಪಿದ ಫೋನು ಉಳಿದ ಮೂವರು ಬರೆದದ್ದನ್ನು ಒರೆಸಿಹಾಕುತ್ತೆ. ಯಾವ ದೋಷಸಂದೇಶವೂ ಬರಲ್ಲ, ಸಾಮಾನು ಸುಮ್ಮನೆ ಕಾಣೆಯಾಗಿರುತ್ತೆ.

ಅಡಿಟಿಪ್ಪಣಿ:
ಲೆಕ್ಕ ಸರಿ ಸ್ವಾಮಿ, ಆದರೆ ತೆರೆದಾಗಲೆಲ್ಲ 60 ಸಾಲನ್ನೂ ಮತ್ತೆ ಓದು ಅಂದವರು ಯಾರು? ಪ್ರತಿ ಬದಲಾವಣೆಗೂ ಸರ್ವರ್ ಒಂದು ಕ್ರಮಸಂಖ್ಯೆ ಕೊಡಬೇಕು. ಫೋನು ತಾನು ಕೊನೆಗೆ ನೋಡಿದ ಸಂಖ್ಯೆ ಹೇಳಿ, ಅದರ ನಂತರದ್ದನ್ನು ಮಾತ್ರ ಕೇಳಬೇಕು. ದಿನಕ್ಕೆ 15 ಬದಲಾವಣೆಯಾದರೆ ಮನೆಗೆ 60 ಓದು. ನಿಮ್ಮ 2,400 ಎಲ್ಲಿ ಹೋಯಿತು? ಕ್ರಮಸಂಖ್ಯೆಯ ಬದಲು ಗಡಿಯಾರದ ಸಮಯ ಇಡಬೇಡಿ.

ನಿಜವಾದ ತಲೆನೋವು ಓದಿನದಲ್ಲ, ಬೇರೆ ಬೇರೆ ಫೋನಿನ ಬದಲಾವಣೆಗಳನ್ನು ಕೂಡಿಸುವುದರದ್ದು. ‘ಕೊನೆಗೆ ಬರೆದದ್ದೇ ಗೆಲ್ಲಲಿ’ ಅಂತ ಫೋನಿನ ಗಡಿಯಾರ ನಂಬಿದರೆ, 10 ನಿಮಿಷ ಮುಂದಿರುವ ಫೋನಿನವರು ಮಾಡಿದ್ದೇ ಮನೆಯಲ್ಲಿ ಕಾನೂನು. ಉಳಿದವರ ತಿದ್ದುಪಡಿ 10 ನಿಮಿಷ ನಿಲ್ಲೋದೇ ಇಲ್ಲ. ಸರ್ವರಿನ ಸಮಯ ನಂಬಿದರೆ ಇನ್ನೊಂದು ಎಡವಟ್ಟು. ನೆಟ್‌ವರ್ಕ್ ಇಲ್ಲದೆ ಬೆಳಿಗ್ಗೆ ಮಾಡಿದ ಬದಲಾವಣೆ ಸಂಜೆ ತಲುಪಿ, ಮಧ್ಯಾಹ್ನದ ಸರಿಯಾದ ತಿದ್ದುಪಡಿಯನ್ನು ಹೊಡೆದುರುಳಿಸುತ್ತೆ. ಮಿಶ್ರ ತಾರ್ಕಿಕ ಗಡಿಯಾರ ಹಾಕಿ: ಫೋನಿನ ಸಮಯ, ಇದುವರೆಗೆ ಕಂಡ ಸಮಯಗಳಲ್ಲಿ ಅತಿ ದೊಡ್ಡದು, ಇವೆರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಜೊತೆಗೊಂದು ಎಣಿಕೆ ಇಡುವುದು. ಸರ್ವರ್ ಸಮಯಕ್ಕಿಂತ ತೀರಾ ಮುಂದಿರುವ ಫೋನನ್ನು ಸರ್ವರೇ ತಡೆದು ನಿಲ್ಲಿಸಲಿ.

ಸೇರಿಸೋದು ಅಳಿಸೋದಕ್ಕೆ ಸಿಆರ್‌ಡಿಟಿ ಗಣ, ಅಂದರೆ ಯಾವ ಕ್ರಮದಲ್ಲಿ ಕೂಡಿಸಿದರೂ ಎಲ್ಲ ಫೋನಿನಲ್ಲೂ ಒಂದೇ ಫಲ ಕೊಡುವ ದತ್ತಾಂಶ ರಚನೆ. ಪ್ರತಿ ಸೇರ್ಪಡೆಗೂ 16 ಬೈಟಿನ ಹೊಸ ಗುರುತು. ಅಳಿಸುವಾಗ ‘ನಾನು ಕಂಡ ಗುರುತುಗಳನ್ನು ಮಾತ್ರ ಅಳಿಸಿದೆ’ ಅಂತ ದಾಖಲು. ಆಗ ಒಬ್ಬರು ಹಾಲು ಅಳಿಸುವ ಹೊತ್ತಿಗೇ ಇನ್ನೊಬ್ಬರು ಹಾಲು ಸೇರಿಸಿದ್ದರೆ ಹಾಲು ಉಳಿಯುತ್ತೆ. ದಿನಸಿ ಪಟ್ಟಿಗೆ ಬೇಕಾದದ್ದೂ ಅದೇ. ಅಮೆಜಾನಿನವರು ತಮ್ಮ ಡೇಟಾಬೇಸ್ ಡೈನಮೋ ಬಗ್ಗೆ 2007ರಲ್ಲಿ ಬರೆದ ಪ್ರಬಂಧದಲ್ಲಿ ಖರೀದಿ ಬುಟ್ಟಿಯ ವಿಷಯ ಹೇಳಿದ್ದು ನೆನಪಿಸಿಕೊಳ್ಳಿ: ಕೂಡಿಸುವಾಗ ಸೇರಿಸಿದ್ದು ಕಳೆದುಹೋಗಲ್ಲ, ಆದರೆ ಅಳಿಸಿದ್ದು ಮತ್ತೆ ಎದ್ದು ಬರಬಹುದು. ಎದ್ದು ಬರಬಾರದು ಅಂದರೆ ಅಳಿಸಿದ್ದರ ಗುರುತು ಉಳಿಸಿಕೊಳ್ಳಲೇಬೇಕು.

ತಕ್ಕಡಿ:
ಗುಡ್ಡ ಅಗೆದು ಇಲಿ ಹಿಡಿಯೋದು ಅಂದರೆ ಇದೇ. ಹಾಲು ಉಪ್ಪಿಗೆ ಸಿಆರ್‌ಡಿಟಿ! ಅಳಿಸಿದ ಗುರುತುಗಳು ಗುಡ್ಡೆ ಬೀಳ್ತವಲ್ಲ, ಅದನ್ನು ಯಾರು ಹೊರ್ತಾರೆ? ನಮ್ಮ ದಾಖಲೆಯೊಳಗೆ ಒಂದು ಸಾಮಾನಿಗೆ ಯಾವಾಗಲೂ ಅದೇ ಸಾಲು. ಈ ವಾರ ಟಿಕ್, ಮುಂದಿನ ವಾರ ಟಿಕ್ ತೆಗೆ. ವರ್ಷ ಕಳೆದರೂ ಅದೇ 60 ಸಾಲು.

ಅಡಿಟಿಪ್ಪಣಿ:
ಗುಡ್ಡೆಯ ತೂಕ ನೋಡೋಣ ಬನ್ನಿ. ಅಳಿಸಿದ್ದು ವಾರಕ್ಕೆ 60, ವರ್ಷಕ್ಕೆ 3,120. ಗುರುತಿಗೆ 16 ಬೈಟು, ಸಮಯಕ್ಕೆ 8, ಒಟ್ಟು 24. ವರ್ಷಕ್ಕೆ ಸುಮಾರು 75 ಕೆಬಿ. ಒಂದು ಮಸುಕು ಫೋಟೋದಷ್ಟೂ ಇಲ್ಲ. 90 ದಿನ ಇಟ್ಟು ಆಮೇಲೆ ಗುಡಿಸಿ. ಅದಕ್ಕಿಂತ ಹೆಚ್ಚು ಕಾಲ ಸಂಪರ್ಕಕ್ಕೆ ಬಾರದ ಫೋನು ಬಂದರೆ ಅದರ ಹಳೇ ಪಟ್ಟಿ ಬಿಸಾಕಿ ಹೊಸದಾಗಿ ಇಳಿಸಿಕೊಳ್ಳಲು ಹೇಳಿ.

ಇನ್ನು ನಿಮ್ಮ ‘ಟಿಕ್ ತೆಗೆ’ ಪದ್ಧತಿ. ಹಳೇ ಟ್ಯಾಬ್ಲೆಟ್ ಒಂದರಲ್ಲಿ ಹೋದ ವಾರದ ಟಿಕ್ ಕಳಿಸದೆ ಕೂತಿರುತ್ತೆ. ಈ ವಾರ ಅದಕ್ಕೆ ನೆಟ್‌ವರ್ಕ್ ಸಿಗುತ್ತೆ. ಸಾಲು ಒಂದೇ ಆದ್ದರಿಂದ, ನಿಮ್ಮ ಸರ್ವರ್ ತಲುಪಿದ ಹೊತ್ತನ್ನು ನಂಬಿದರೆ, ಈ ವಾರದ ಹಾಲಿಗೆ ಹೋದ ವಾರದ ಟಿಕ್ ಬೀಳುತ್ತೆ. ಸಾಮಾನು ಬೇರೆ, ಅದರ ಅಗತ್ಯ ಬೇರೆ. ‘ಹಾಲು’ ಅನ್ನೋದು ಶಾಶ್ವತ ಗುರುತಿನ ಸಾಮಾನು. ‘ಈ ಸಲ ಹಾಲು ಬೇಕು’ ಅನ್ನೋದಕ್ಕೆ ಪ್ರತಿ ಸಲ ಹೊಸ ಗುರುತು. ತಡವಾಗಿ ಬಂದ ಟಿಕ್ ಹಳೇ ಅಗತ್ಯಕ್ಕೆ ಬಿದ್ದು ಸುಮ್ಮನಾಗುತ್ತೆ.

ಪ್ರಮಾಣವೂ ಹಾಗೇ. ಅಂಗಡಿಯಲ್ಲಿರುವವರು ‘ಹಾಲು 1’ ನೋಡಿ ಟಿಕ್ ಹಾಕಿದರು. ಅದೇ ಹೊತ್ತಿಗೆ ಆಫೀಸಿನಿಂದ ಅದನ್ನು 2 ಮಾಡಿದರು. ಎರಡನ್ನೂ ಕೂಡಿಸಿದರೆ ಪಟ್ಟಿಯಲ್ಲಿ ‘ಹಾಲು 2, ತಂದಾಯ್ತು’. ಚೀಲದಲ್ಲಿ ಇರೋದು ಒಂದು. ಟಿಕ್ ಜೊತೆಗೆ ಹಾಕುವಾಗ ಕಂಡ ಪ್ರಮಾಣವನ್ನೂ ಬರೆದಿಡಿ. ಉಳಿದ 1 ಪಟ್ಟಿಯಲ್ಲೇ ಇರಲಿ. ಪ್ರಮಾಣವನ್ನು ದಶಮಾಂಶದಲ್ಲಿ ಇಡಬೇಡಿ. ಗ್ರಾಂ, ಮಿಲಿಲೀಟರ್, ಎಣಿಕೆ ಇವುಗಳ ಪೂರ್ಣಾಂಕ ಸಾಕು. ‘1 ಪ್ಯಾಕೆಟ್’ ಮತ್ತು ‘500 ಗ್ರಾಂ’ ಎದುರಾದರೆ ಕೂಡಿಸಲು ಹೋಗಬೇಡಿ, ಎರಡನ್ನೂ ಪಕ್ಕಪಕ್ಕ ತೋರಿಸಿ.

ಹೆಬ್ಬೆರಳು:
ಇಬ್ಬರೂ ಸರ್ವರ್ ಕೋಣೆಯಿಂದ ಹೊರಗೆ ಬನ್ನಿ. ಆ್ಯಪ್ ಗೆಲ್ಲೋದು ಸೋಲೋದು ಒಂದು ಕೈಯಲ್ಲಿ ಗಾಡಿ ತಳ್ಳುತ್ತಾ ಇನ್ನೊಂದು ಕೈಯ ಹೆಬ್ಬೆರಳಲ್ಲಿ ಟಿಕ್ ಹಾಕುವಾಗ. ಆಂಡ್ರಾಯ್ಡ್‌ಗೆ 48 ಡಿಪಿ, ಐಫೋನಿಗೆ 44 ಪಾಯಿಂಟ್ (ಎರಡೂ ಪರದೆಯ ಅಳತೆಗಳು) ಸಾಲಿನ ಎತ್ತರ ಕನಿಷ್ಠ ಬೇಕು; ಎಲ್ಲರೂ ಬಳಸುವಂತಿರಬೇಕು ಅನ್ನೋ ಜಾಲತಾಣ ಮಾನದಂಡ ಡಬ್ಲ್ಯುಸಿಎಜಿ 2.2ರಲ್ಲಿರುವ 24 ಪಿಕ್ಸೆಲ್ ಪರೀಕ್ಷೆ ಪಾಸಾಗೋಕೆ, ಅಂಗಡಿಯಲ್ಲಿ ಬಳಸೋಕಲ್ಲ. ಚೌಕದ ಮೇಲಷ್ಟೇ ಅಲ್ಲ, ಸಾಲಿನ ಎಲ್ಲಿ ಒತ್ತಿದರೂ ಟಿಕ್ ಬೀಳಬೇಕು.

ಟಿಕ್ ಹಾಕಿದ ಸಾಲನ್ನು ತಕ್ಷಣ ಕೆಳಗೆ ಕಳಿಸಿದರೆ ಅದರ ಕೆಳಗಿನದ್ದು ಬೆರಳಿನಡಿಗೆ ಜಾರಿ ಬರುತ್ತೆ, ಎರಡನೇ ಒತ್ತು ತಪ್ಪು ಸಾಮಾನಿಗೆ ಬೀಳುತ್ತೆ. ಮನೆಗೆ ಹೋದ ಮೇಲೇ ಗೊತ್ತಾಗೋದು. ಅಡ್ಡಗೆರೆ ಹಾಕಿ ಅಲ್ಲೇ ಬಿಡಿ. 3 ಸೆಕೆಂಡ್ ಯಾರೂ ಪರದೆ ಮುಟ್ಟದಿದ್ದರೆ ಎಲ್ಲವನ್ನೂ ಒಟ್ಟಿಗೆ ಕೆಳಗಿಳಿಸಿ. ಬೇರೆ ಫೋನಿನಿಂದ ಬಂದ ಹೊಸ ಸಾಮಾನನ್ನೂ ನಡುವೆ ತುರುಕಬೇಡಿ, ಅದೂ ಇದೇ ಅನಾಹುತ. ಮೇಲೆ ‘ಹೊಸದು 2’ ಅಂತ ಸಣ್ಣ ಫಲಕ ತೋರಿಸಿ, ಒತ್ತಿದಾಗ ಅವು ತಮ್ಮ ಜಾಗಕ್ಕೆ ಹೋಗಲಿ.

‘ರದ್ದು ಮಾಡು’ ಅಂತ 5 ಸೆಕೆಂಡ್ ಮಿನುಗಿ ಮಾಯವಾಗೋ ಫಲಕ ಯಾರ ಕಣ್ಣಿಗೂ ಬೀಳಲ್ಲ. ಖರೀದಿ ಮುಗಿಯೋವರೆಗೂ ಟಿಕ್ ಆದದ್ದೆಲ್ಲ ಕೆಳಗೆ ಕಾಣುತ್ತಿರಬೇಕು, ಬೂದು ಅಕ್ಷರವೂ ಹಿನ್ನೆಲೆಯಿಂದ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ ಉಳಿಸಿಕೊಳ್ಳಬೇಕು. ಎಳೆದು ಅಳಿಸೋ ಸೌಲಭ್ಯ ಬೇಡವೇ ಬೇಡ. ಆಂಡ್ರಾಯ್ಡ್ 10ರಿಂದ ಈಚೆಗೆ, ಗುಂಡಿ ಬಿಟ್ಟು ಬೆರಳಿನ ಸನ್ನೆ ಆರಿಸಿಕೊಂಡ ಫೋನಿನಲ್ಲಿ, ಅಂಚಿನಿಂದ ಎಳೆದರೆ ಹಿಂದಕ್ಕೆ ಹೋಗುತ್ತೆ. ಅರ್ಧ ಜನ ಅಳಿಸಲು ಹೋಗಿ ಆ್ಯಪಿನಿಂದಲೇ ಆಚೆ ಬರ್ತಾರೆ.

ತಕ್ಕಡಿ:
ಮೇಡಂ, ಎಳೆದು ಅಳಿಸೋದು ಇಲ್ಲದಿದ್ದರೆ ಜನ ಅದನ್ನೇ ದೂರ್ತಾರೆ. ಬರೆದಿಟ್ಟುಕೊಳ್ಳಿ.

ಹೆಬ್ಬೆರಳು:
ದೂರಲಿ. ಇಲ್ಲ ಅಂತ ದೂರೋದು ಬೇರೆ, ಅಳಿಸಿಹೋಯ್ತು ಅಂತ ಅಳೋದು ಬೇರೆ.

ಸೊನ್ನೆಸುತ್ತು:
ಬಾರ್‌ಕೋಡ್ ಮೊದಲ ಆವೃತ್ತಿಗೆ ಬೇಡ. ಹಾಕೋದೇ ಆದರೆ ಇಷ್ಟು ಗೊತ್ತಿರಲಿ. ಡಬ್ಬಿಗಳ ಮೇಲೆ ಮುಖ್ಯವಾಗಿ ಎರಡು ಬಗೆ: ಯುಪಿಸಿ-ಎ 12 ಅಂಕಿ, ಇಎಎನ್ 13 ಅಂಕಿ. ಐಫೋನಿನ ಓದುಗ 12 ಅಂಕಿಯದಕ್ಕೂ ಮುಂದೆ ಸೊನ್ನೆ ಸೇರಿಸಿ 13 ಮಾಡಿ ಕೊಡುತ್ತೆ, ಆಂಡ್ರಾಯ್ಡಿನಲ್ಲಿ 12 ಬರಬಹುದು. ಹಾಗೇ ಉಳಿಸಿದರೆ ಒಂದೇ ಡಬ್ಬಿ ಎರಡು ಸಾಮಾನು. ಉಳಿಸುವ ಮುನ್ನ ಎಲ್ಲವನ್ನೂ 13ಕ್ಕೆ ತನ್ನಿ. ಪರೀಕ್ಷಾಂಕವನ್ನೂ ನೋಡಿ: ಎಡದಿಂದ 1, 3, 1, 3 ಅಂತ 12 ಅಂಕಿಗೂ ಗುಣಿಸಿ ಕೂಡಿಸಿ; ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸೋದು ಎಷ್ಟೋ ಅದೇ 13ನೇ ಅಂಕಿ. ಆ 13 ಅಂಕಿಯಲ್ಲಿ 20ರಿಂದ 29ರೊಳಗೆ ಶುರುವಾಗುವವು ಅಂಗಡಿಯವರೇ ಅಂಟಿಸಿದವು, ಹಲವು ಸಲ ತೂಕ ಅಥವಾ ಬೆಲೆ ಅದರೊಳಗೇ ಇರುತ್ತೆ. ಪ್ರತಿ ಸಲ ತೂಗಿದಾಗಲೂ ಹೊಸ ಸಂಖ್ಯೆ. ಅದನ್ನು ಸಾಮಾನಿನ ಗುರುತಾಗಿ ಇಟ್ಟರೆ ಪಟ್ಟಿ ತುಂಬ ಅದೇ ಸಾಮಾನು.

ಪ್ಯಾಕಿನ ತೂಕ ಬದಲಾದರೆ ನಿಯಮದ ಪ್ರಕಾರ ಸಂಖ್ಯೆಯೇ ಬದಲು. ಹೋದ ತಿಂಗಳ ಬಿಸ್ಕತ್ತು ಈ ತಿಂಗಳು ಅಪರಿಚಿತ. ಹೆಸರು ಹುಡುಕೋಕೆ ಓಪನ್ ಫುಡ್ ಫ್ಯಾಕ್ಟ್ಸ್ ಅನ್ನೋ ಆಹಾರ ಪದಾರ್ಥಗಳ ಮುಕ್ತ ದತ್ತಸಂಚಯ ಇದೆ, 2012ರಲ್ಲಿ ಶುರುವಾದದ್ದು, ಯಾರು ಬೇಕಾದರೂ ಬಳಸಬಹುದು. ಆದರೆ ಅದರ ಪರವಾನಗಿ ಓಡಿಬಿಎಲ್. ಅವರ ದತ್ತಾಂಶದ ಜೊತೆ ನಿಮ್ಮದನ್ನು ಬೆರೆಸಿ ಹೊರಗೆ ಕೊಟ್ಟರೆ ಬೆರೆತದ್ದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕಾಗುತ್ತೆ. ಬೇರೆ ಕೋಷ್ಟಕದಲ್ಲಿ ಇಡಿ.

ಮೂರನೇ ಸಾಲು:
ಟಿಕ್ ಎಲ್ಲಿಗೆ ಹೋಗಬೇಕು ಅನ್ನೋದಕ್ಕಿಂತ ಟಿಕ್ ಏನು ಕಲಿಸುತ್ತೆ ಅನ್ನೋದು ಮುಖ್ಯ. ಯಾವುದರ ನಂತರ ಯಾವುದಕ್ಕೆ ಟಿಕ್ ಬಿತ್ತು ಅನ್ನೋದೇ ಆ ಅಂಗಡಿಯ ನಕ್ಷೆ. ಜೋಡಿಜೋಡಿಯಾಗಿ ಎಣಿಸಿಡಿ: ಉಪ್ಪಿಗಿಂತ ಮೊದಲು ಟೊಮ್ಯಾಟೊ ಎಷ್ಟು ಸಲ, ನಂತರ ಎಷ್ಟು ಸಲ. ಅಂಗಡಿಗೊಂದು ಎಣಿಕೆ ಬೇರೆ ಬೇರೆ. ಬಹಳಷ್ಟು ಜನ ಬಿಲ್ಲಿನ ಸಾಲಲ್ಲಿ ನಿಂತು ಒಟ್ಟಿಗೆ ಟಿಕ್ ಒತ್ತುತ್ತಾರೆ, ಅದು ಕಸ. ಎರಡು ಟಿಕ್‌ಗಳ ನಡುವೆ 5 ಸೆಕೆಂಡಿಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ತಗೋಬೇಡಿ. ಹೊಸ ಸಾಮಾನಿಗೆ ವರ್ಗದ ಕ್ರಮ ಸಾಕು. ಹೆಪ್ಪುಗಟ್ಟಿಸಿದ್ದು ಮಾತ್ರ ಯಾವಾಗಲೂ ಕೊನೆಗೆ.

ಕೈಯಿಂದ ಜಾಗ ಬದಲಿಸಲು ಬಿಟ್ಟರೆ 1 ಮತ್ತು 2ರ ನಡುವೆ 1.5 ಅಂತ ದಶಮಾಂಶ ಕೊಡಬೇಡಿ. ಒಂದೇ ಸಂದಿಯಲ್ಲಿ ಅರ್ಧ ಮಾಡುತ್ತಾ ಹೋದರೆ ಸುಮಾರು 50 ಸಲಕ್ಕೆ ನಿಖರತೆ ಮುಗಿಯುತ್ತೆ, ಎರಡು ಸಾಮಾನಿಗೆ ಒಂದೇ ಅಂಕೆ ಬರುತ್ತೆ. ಅಂಕೆಯ ಬದಲು ಬೇಕಾದಷ್ಟು ಉದ್ದವಾಗಬಲ್ಲ ಅಕ್ಷರಗಳ ಸರಣಿ ಬಳಸಿ. ಎರಡು ಫೋನು ಒಂದೇ ಸಂದಿಗೆ ಹಾಕಿದರೆ ಸಾಮಾನಿನ ಗುರುತು ನೋಡಿ ಹಿಂದುಮುಂದು ಮಾಡಿ.

ಅಡಿಟಿಪ್ಪಣಿ:
5 ಸೆಕೆಂಡ್ ಅಂದಿರಿ. ಒಂದೇ ಕಪಾಟಿನಿಂದ ಉಪ್ಪು ಸಕ್ಕರೆ ಎರಡನ್ನೂ ಎತ್ತಿದರೆ 3 ಸೆಕೆಂಡೂ ಬೇಡ. ನೀವು ಅತ್ಯಂತ ಒಳ್ಳೆಯ ಸುಳಿವನ್ನೇ ಕಸದ ಬುಟ್ಟಿಗೆ ಹಾಕ್ತಿದ್ದೀರಿ.

ಮೂರನೇ ಸಾಲು:
ಎರಡೇ ಟಿಕ್ ಆದರೆ ಬಿಡಬೇಡಿ, ಐದಾರು ಒಟ್ಟಿಗೆ ಬಂದರೆ ಬಿಡಿ. ಅಷ್ಟನ್ನೂ ಬಿಡಿಸಿ ಹೇಳಬೇಕಾ?

ಅಡಿಟಿಪ್ಪಣಿ:
ಹೇಳಬೇಕು. ಇಲ್ಲಿ ಓದಿದವರು 5 ಅಂತಲೇ ಬರೆದುಕೊಳ್ತಾರೆ.

ಚೀಟಿಚೀಲ:
ಆ್ಯಪ್ ಬಿಟ್ಟು ಜಾಲತಾಣವಾಗಿಯೇ ಮಾಡಿದರೆ? ಇಳಿಸಿಕೊಳ್ಳೋ ಗೋಜು ಇರಲ್ಲ. ಸೂಚನೆಗಳನ್ನು ಹೇಗೆ ಕಳಿಸೋದು ಅನ್ನೋದೂ ಗೊತ್ತಾಗ್ತಿಲ್ಲ.

ಹೆಬ್ಬೆರಳು:
ಸಫಾರಿಯಲ್ಲಿ 7 ದಿನ ಆ ತಾಣವನ್ನು ಮುಟ್ಟದೆ ಬ್ರೌಸರ್ ಬಳಸಿದರೆ ಒಳಗೆ ಉಳಿಸಿದ್ದನ್ನು ಅದು ಅಳಿಸಿಹಾಕುತ್ತೆ. ಮುಖಪರದೆಗೆ ಸೇರಿಸಿಕೊಂಡವರಿಗೆ ಆ ಕಾಟ ಇಲ್ಲ. ಸೂಚನೆಯೂ ಹಾಗೇ, ಐಒಎಸ್ 16.4ರಿಂದ ಬರುತ್ತೆ, ಅದೂ ಮುಖಪರದೆಗೆ ಸೇರಿಸಿದ್ದರೆ ಮಾತ್ರ. ಸೇರಿಸಿಕೊಳ್ಳಿ ಅಂತ ಹೇಳಿಕೊಡೋ ಕಷ್ಟಕ್ಕೆ ಆ್ಯಪೇ ಇಳಿಸಿಕೊಳ್ಳಿ ಅನ್ನಬಹುದು.

ಸಾಮಾನಿಗೊಂದು ಸೂಚನೆ ಕಳಿಸಿದರೆ ಸಂಜೆಯೊಳಗೆ ನಾಲ್ವರೂ ಬಾಯಿ ಮುಚ್ಚಿಸ್ತಾರೆ. ಕೊನೆಯ ಸೇರ್ಪಡೆಯಾಗಿ 2 ನಿಮಿಷ ಸದ್ದಿಲ್ಲದಿದ್ದರೆ ಒಟ್ಟಿಗೆ ಒಂದು. ಯಾರಾದರೂ ‘ಅಂಗಡಿಯಲ್ಲಿದ್ದೇನೆ’ ಗುಂಡಿ ಒತ್ತಿದ್ದರೆ ಅವರಿಗೆ ಮಾತ್ರ ತಕ್ಷಣ. ಅದೇ ಗುಂಡಿಗೆ ಪರದೆ ಆರದಂತೆ ಹಿಡಿಯೋದನ್ನೂ ಕಟ್ಟಿ. 20 ನಿಮಿಷ ಯಾರೂ ಮುಟ್ಟದಿದ್ದರೆ ಬಿಟ್ಟುಬಿಡಿ, ಇಲ್ಲದಿದ್ದರೆ ಬ್ಯಾಟರಿ ತಿಂದ ಅಪವಾದ ನಿಮಗೇ. ಸದ್ದಿಲ್ಲದ ಹಿನ್ನೆಲೆ ಸೂಚನೆ ನಂಬಿ ಪಟ್ಟಿ ಹೊಸದಾಗಿಸಬೇಡಿ. ಗಂಟೆಗೆ ಎರಡು ಮೂರಕ್ಕಿಂತ ಹೆಚ್ಚು ಕಳಿಸಬೇಡಿ ಅಂತ ಆ್ಯಪಲ್ ದಾಖಲೆಯಲ್ಲೇ ಇದೆ. ಆ್ಯಪ್ ತೆರೆದ ಕ್ಷಣ ಕೇಳಿ ತರಿಸಿಕೊಳ್ಳೋದೇ ಗಟ್ಟಿ.

ಸೊನ್ನೆಸುತ್ತು:
ಕನ್ನಡದಲ್ಲಿ ಸಾಮಾನಿನ ಹೆಸರು ಬರೆಯೋಕೆ ಬಿಡ್ತೀರಾ? ಹಾಗಿದ್ದರೆ ಇದನ್ನು ಮರೆಯಬೇಡಿ. ‘ಸೋಪು’ ಅನ್ನೋದರ ಓತ್ವ ಕಂಪ್ಯೂಟರಿನೊಳಗೆ ಒಂದೇ ಸಂಕೇತವಾಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಪರದೆಯಲ್ಲಿ ಒಂದೇ ರೀತಿ, ಯಂತ್ರಕ್ಕೆ ಎರಡು ಸಾಮಾನು. ಎನ್‌ಎಫ್‌ಸಿಗೆ, ಅಂದರೆ ಇಂಥ ತುಂಡುಗಳನ್ನು ಒಂದಾಗಿಸುವ ಯೂನಿಕೋಡ್ ರೂಪಕ್ಕೆ, ಪರಿವರ್ತಿಸಿದರೆ ಇದು ಸರಿಹೋಗುತ್ತೆ. ಆದರೆ ‘ಪೇಸ್ಟ್’ ಕೊನೆಗೆ ಕೆಲವು ಕೀಲಿಮಣೆಗಳು ಕಾಣದ ವಿಭಜಕ ಅಕ್ಷರ ಸೇರಿಸ್ತವೆ, ಎನ್‌ಎಫ್‌ಸಿ ಅದನ್ನು ಮುಟ್ಟಲ್ಲ. ಅದನ್ನು ನೀವೇ ತೆಗೆಯಬೇಕು.

ಅಡಿಟಿಪ್ಪಣಿ:
ಕಣ್ಣುಮುಚ್ಚಿ ತೆಗೆದರೆ ಪದದ ನಡುವಿನ ವಿಭಜಕವೂ ಹೋಗಿ ಬೇಡದ ಒತ್ತಕ್ಷರ ಹುಟ್ಟುತ್ತೆ. ‘ಬಾರ್‌ಕೋಡ್’ ಅಂತಲೇ ಬರೆದು ನೋಡಿ.

ಸೊನ್ನೆಸುತ್ತು:
ತೋರಿಸುವ ಹೆಸರಲ್ಲಿ ತೆಗಿ ಅಂತ ಯಾರು ಅಂದ್ರು ರೀ? ಹುಡುಕುವ ರೂಪವನ್ನು ಬೇರೆ ಕಾಲಮ್‌ನಲ್ಲಿ ಇಡಿ, ವಿಭಜಕ ಕಿತ್ತುಹಾಕೋದು ಅದರಲ್ಲಿ ಮಾತ್ರ. ಬರೆದದ್ದು ಬರೆದ ಹಾಗೇ ಇರಲಿ.

ತಕ್ಕಡಿ:
ಅದರ ಮೇಲೆ ಒಂದಕ್ಷರದ ತಪ್ಪು ಕ್ಷಮಿಸೋ ಹುಡುಕಾಟ ಹಾಕಿಬಿಡಿ, ಎಲ್ಲ ತಾನಾಗೇ ಒಂದಾಗುತ್ತೆ.

ಸೊನ್ನೆಸುತ್ತು:
ಒಂದಾಗುತ್ತೆ, ಖಂಡಿತ. ಸೋಪಿಗೂ ಸೂಪಿಗೂ ಇರೋದು ಒಂದೇ ಸಂಕೇತದ ಅಂತರ. ಸಲಹೆಯಾಗಿ ತೋರಿಸಿ, ಕೇಳದೆ ಕೂಡಿಸಬೇಡಿ. ಐದು ಸಂಕೇತಕ್ಕಿಂತ ಚಿಕ್ಕ ಪದಕ್ಕೆ ಸಲಹೆಯೂ ಬೇಡ.

ತಕ್ಕಡಿ:
ಸೂಪಿಗೆ ಯಾರಾದರೂ ಸೋಪು ಹಾಕೋವರೆಗೂ ನನ್ನ ಮಾತೇ ಸರಿ. ಮತ್ತೆ, ಒಂದೇ ದಾಖಲೆ ಅಂದದ್ದನ್ನೂ ನಾನು ವಾಪಸ್ ತಗೊಂಡಿಲ್ಲ.